ಉಚ್ಚಂಗಮ್ಮನ ಬಂದೂಕಿಗೆ ಊರಿನ ಅಭಿಪ್ರಾಯ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಬಸವಾಪಟ್ಟಣದ ಮೈಕ್‌ಸೆಟ್ ಷಣ್ಮುಖಪ್ಪನವರು. ಮದುವೆ, ಪುರಾಣ, ಪ್ರಚಾರ, ಪ್ರತಿಭಟನೆ ಯಾವುದೇ ಇರಲಿ, ನಮ್ಮ ಕಡೆ ಶಾಮಿಯಾನ ಮತ್ತು ಮೈಕು ಅವರದೇ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕುವವರಲ್ಲ. ಸುಳ್ಳು ಹೇಳುವ ಅಗತ್ಯವೂ ಅವರಿಗೆ ಬಿದ್ದಿಲ್ಲ. ಅವರ ಮೈಕಿನಲ್ಲಿ ಆ ಕೆಲಸವನ್ನು ಬೇರೆಯವರು ಮಾಡುತ್ತಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಇಲ್ಲಿ ಇಡುತ್ತಿದ್ದೇನೆ.

ಕಲ್ಲುಬಾವಿಹಳ್ಳಿಯಲ್ಲಿ ಒಟ್ಟು ಒಂದು ಬಂದೂಕು ಇತ್ತು. ಚನ್ನಗಿರಿ ತಾಲ್ಲೂಕಿನಲ್ಲಿ, ನಲ್ಲೂರಿನ ಆಚೆ ಗುಡ್ಡದ ಬುಡಕ್ಕೆ ಆತುಕೊಂಡಿರುವ ಊರು ಅದು. ಊರಿನ ಕೆಳಗಡೆ ತೋಟ, ಮೇಲ್ಗಡೆ ಮೆಕ್ಕೆಜೋಳ. ಗುಡ್ಡಕ್ಕೆ ತಾಗಿದ ಕಡೇ ಹೊಲ ಹನುಮಂತಪ್ಪನದು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಬಂದೂಕು ಅವನ ಮನೆಯಲ್ಲಿತ್ತು. ಹನುಮಂತಪ್ಪ ಅದಕ್ಕೆ ಮದ್ದು ತುಂಬಿ ಮೇಲೆ ಹಳೇ ಬಟ್ಟೆ ತುರುಕುತ್ತಿದ್ದ. ಗುಂಡು ಹಾಕುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಆಕಾಶಕ್ಕೆ ಒಂದು ಸಲ ಹಾರಿಸಿದರೆ ಸಾಕು, ಕಾಡುಹಂದಿಗಳು ಆ ದಿನಕ್ಕೆ ಗುಡ್ಡ ಇಳಿಯುತ್ತಿರಲಿಲ್ಲ. ಮಾತಿಗೆ ಬೆಲೆ ಕೊಡುವಂಥ ಹಂದಿಗಳು. ಪಕ್ಕದ ಹೊಲದ ಕೊಟ್ರೇಶನಿಗೂ ಅವನ ಕೆಳಗಿನ ಹೊಲದವರಿಗೂ ಅದೇ ಸದ್ದು ಕಾವಲಾಗಿತ್ತು.

ಹೀಗಿರುವಾಗ ಹನುಮಂತಪ್ಪ ತೀರಿಕೊಂಡ. ಲೈಸೆನ್ಸುದಾರನೇ ಇಲ್ಲದ ಮೇಲೆ ಬಂದೂಕು ಮನೆಯಲ್ಲಿ ಇರುವಂತಿಲ್ಲ ಎಂದು ಪೊಲೀಸರು ಅದನ್ನು ಒಯ್ದು ಠಾಣೆಯಲ್ಲಿ ಇಟ್ಟರು. ಹಂದಿಗಳ ಬಗ್ಗೆ ಅಂಥ ನಿಯಮ ಯಾವುದೂ ಇರಲಿಲ್ಲವಾದ್ದರಿಂದ ಅವು ಇದ್ದಲ್ಲಿಯೇ ಇದ್ದವು. ಹನುಮಂತಪ್ಪನ ಹೆಂಡತಿ ಉಚ್ಚಂಗಮ್ಮ, ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಅರ್ಜಿ ಹಾಕಿದಳು. ಬಿತ್ತನೆ ಆಗಿತ್ತು. ತೆನೆಯಲ್ಲಿ ಹಾಲು ಕಟ್ಟುವುದರೊಳಗೆ ಬಂದೂಕು ಬಂದರೆ ಬೆಳೆ ಅವಳದು, ಬಾರದಿದ್ದರೆ ಹಂದಿಯದು. ವರ್ಷದ ಊಟ, ಬಟ್ಟೆ, ಎಮ್ಮೆಯ ಮೇವು ಎಲ್ಲವೂ ಆ ಹೊಲದಲ್ಲೇ ನಿಂತಿತ್ತು.

ಅದೇ ಸಮಯದಲ್ಲಿ, ಬಂದೂಕಿನ ಕಾನೂನು ಬಿಗಿಯಾಗಬೇಕೋ ಸಡಿಲವಾಗಬೇಕೋ ಎಂಬ ಚರ್ಚೆ ಪೇಪರಿನಲ್ಲೂ ಟೀವಿಯಲ್ಲೂ ಜೋರಾಗಿ ನಡೆದಿತ್ತು. ಪ್ರತಿಯೊಬ್ಬರ ಬಳಿಯೂ ಬಂದೂಕು ಇರಬೇಕೆಂದು ಬಂದೂಕನ್ನು ಕಂಡಿಲ್ಲದವರು ಹೇಳುತ್ತಿದ್ದರು. ಯಾರ ಬಳಿಯೂ ಬಂದೂಕು ಇರಕೂಡದೆಂದು, ಹಿಂದೆ ಮುಂದೆ ಬಂದೂಕಿನವರನ್ನು ನಿಲ್ಲಿಸಿಕೊಂಡು ಓಡಾಡುವವರು ಹೇಳುತ್ತಿದ್ದರು. ಚರ್ಚೆ ಹೀಗೆ ಒಳ್ಳೆಯ ಮಟ್ಟ ತಲುಪಿದ ಮೇಲೆ, ಸಾರ್ವಜನಿಕರ ಅಭಿಪ್ರಾಯ ಪಡೆಯದೆ ಒಂದು ಲೈಸೆನ್ಸನ್ನೂ ಕೊಡತಕ್ಕದ್ದಲ್ಲ ಎಂದು ಮೇಲಿನಿಂದ ಆದೇಶವಾಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಿಗೆ ಸೇರಿ ಒಂದು ‘ಆಯುಧ ವಿಷಯಕ ಸಾರ್ವಜನಿಕ ಅಭಿಪ್ರಾಯ ಕ್ರೋಡೀಕರಣ ಘಟಕ’ ಸ್ಥಾಪನೆಯಾಯಿತು. ಯಾವ ತಾಲ್ಲೂಕಿನಲ್ಲಿ ಇಟ್ಟರೂ ಉಳಿದ ಮೂರಕ್ಕೆ ಅನ್ಯಾಯವಾಗುತ್ತದೆ ಎಂಬ ಕಾರಣಕ್ಕೆ ಘಟಕವನ್ನು ನಾಲ್ಕರಲ್ಲೂ ಇಡದೆ ಹೊರಗಿನ ಒಂದು ಊರಿನಲ್ಲಿ ಬಾಡಿಗೆ ಕಟ್ಟಡ ಹಿಡಿದು ಇಟ್ಟರು. ಇದರಿಂದ ಅದು ಎಲ್ಲರಿಗೂ ಒಂದೇ ರೀತಿ ದೂರವಾಯಿತು.

ಉಚ್ಚಂಗಮ್ಮ ಬಸ್ಸು ಬದಲಾಯಿಸುತ್ತಾ ಅಲ್ಲಿಗೆ ಹೋದಳು. ಅಭಿಪ್ರಾಯಾಧಿಕಾರಿ ರಂಗನಾಥ್ ಅವರು ಮೃದು ಮಾತಿನವರು. ಬಂದವರನ್ನು ನಿಲ್ಲಿಸಿ ಮಾತಾಡುವ ಪದ್ಧತಿ ಅವರಲ್ಲಿಲ್ಲ.

“ಕೂತ್ಕೊಳ್ಳಿ ತಾಯಿ. ನಿಮ್ಮ ಅರ್ಜಿ ಬಹಳ ಅಚ್ಚುಕಟ್ಟಾಗಿದೆ. ಒಂದೇ ಒಂದು ಕೊರತೆ. ಇದಕ್ಕೆ ತಕರಾರು ಇಲ್ಲ.”

“ತಕರಾರು ಯಾಕೆ ಇರ್ತೈತ್ರಿ ಸಾರ್. ಊರಾಗೆ ಎಲ್ರಿಗೂ ಈ ಬಂದೂಕು ಬೇಕಾಗೈತೆ. ಹಂದಿ ನನ್ನ ಹೊಲ ದಾಟ್ಕಂಡೇ ಅಲ್ವಾ ಅವ್ರ ಹೊಲಕ್ಕೆ ಹೋಗಾದು.”

“ಎಲ್ಲರಿಗೂ ಬೇಕು ಅನ್ನೋದು ಅಭಿಪ್ರಾಯ ಅಲ್ಲ ತಾಯಿ. ಅದು ಬರೀ ಬೇಡಿಕೆ. ಪರ ಇರಬೇಕು, ವಿರೋಧ ಇರಬೇಕು, ಎರಡರ ಮಧ್ಯೆ ಚರ್ಚೆ ನಡೀಬೇಕು. ಪ್ರಜಾಪ್ರಭುತ್ವ ಅಂದರೆ ಇದೇ.”

“ಯಾರೂ ಬ್ಯಾಡ ಅನ್ನದೇ ಹೋದ್ರೆ?”

ರಂಗನಾಥ್ ಅವರು ಮೇಜಿನ ಮೇಲಿದ್ದ ನಿಯಮಾವಳಿಯನ್ನು ತೆರೆದು, ಆಕೆಗೆ ಅರ್ಥವಾಗಲೆಂದು ನಿಧಾನವಾಗಿ ಓದಿದರು. “ಯಾವುದೇ ಗ್ರಾಮದಲ್ಲಿ ವಿರೋಧವು ಕಂಡುಬಾರದಿದ್ದಲ್ಲಿ, ಸದರಿ ಗ್ರಾಮದಲ್ಲಿ ಅಭಿಪ್ರಾಯವೇ ಉಂಟಾಗಿರುವುದಿಲ್ಲವೆಂದು ಭಾವಿಸತಕ್ಕದ್ದು. ಅಭಿಪ್ರಾಯವು ಉಂಟಾಗುವವರೆಗೆ ಅರ್ಜಿಯನ್ನು ಇದ್ದ ಸ್ಥಿತಿಯಲ್ಲಿಯೇ ಕಾಪಾಡತಕ್ಕದ್ದು.”

“ಹಂಗಾರೆ ನಾನೀಗ ಏನ್ ಮಾಡ್ಬೇಕು ಸಾರ್?”

“ಊರಿಗೆ ಹೋಗಿ ಅರ್ಧ ಊರನ್ನು ನಿಮಗೆ ವಿರೋಧ ಮಾಡಿಕೊಳ್ಳಿ. ಸರ್ಕಾರ ಅದಕ್ಕಿಂತ ಹೆಚ್ಚಿಗೆ ಏನೂ ಕೇಳ್ತಾ ಇಲ್ಲ.”

“ಪೈರು ಮೊಣಕಾಲುದ್ದ ಬಂದೈತೆ ಸಾರ್.”

“ಸಂತೋಷ. ಅದನ್ನೂ ಕಡತದಲ್ಲಿ ಸೇರಿಸ್ತೀನಿ.”

ಇಲ್ಲಿ ಕಲ್ಲುಬಾವಿಹಳ್ಳಿಯ ಒಂದು ಪದ್ಧತಿಯನ್ನು ಹೇಳಬೇಕು. ಆ ಊರಿನಲ್ಲಿ ಯಾವ ಚುನಾವಣೆಯೂ ನಡೆದದ್ದಿಲ್ಲ. ಪಂಚಾಯ್ತಿ ಮೆಂಬರು, ಹಾಲಿನ ಡೈರಿಯ ಡೈರೆಕ್ಟರು, ಶಾಲೆಯ ಉಸ್ತುವಾರಿ ಸಮಿತಿ ಎಲ್ಲವೂ ಅವಿರೋಧ ಆಯ್ಕೆ. ಆಯ್ಕೆ ಮಾಡುವವನು ಊರ ಆಂಜನೇಯ ಸ್ವಾಮಿ. ಸ್ವಾಮಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಕೇಳಿಕೊಳ್ಳುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಒಮ್ಮೆ ಪ್ರಸಾದವಾದ ಮೇಲೆ ಎದುರು ಮಾತಿಲ್ಲ. ಬೇರೆ ಊರುಗಳಲ್ಲಿ ಚುನಾವಣೆಯ ಮಾರನೇ ದಿನ ಆಸ್ಪತ್ರೆಗೆ ಹೋಗುವವರು ಇರುತ್ತಾರೆ. ಕಲ್ಲುಬಾವಿಹಳ್ಳಿಯವರು ದೇವಸ್ಥಾನಕ್ಕೆ ಹೋಗುತ್ತಾರೆ. ನನಗೆ ಈ ಪದ್ಧತಿಯಲ್ಲಿ ತಪ್ಪು ಕಾಣುವುದಿಲ್ಲ.

ಉಚ್ಚಂಗಮ್ಮ ತಂದ ಸುದ್ದಿ ಕೇಳಿ ಊರು ದೇವಸ್ಥಾನದ ಕಟ್ಟೆಗೆ ಸೇರಿತು. ಪಂಚಾಯ್ತಿ ಅಧ್ಯಕ್ಷರಾದ ನಾಗರಾಜಪ್ಪನವರು ನಿಂತು, “ಈ ಬಂದೂಕಿಗೆ ವಿರೋಧ ಇರೋರು ಯಾರಾದ್ರೂ ಇದ್ರೆ ಮುಂದೆ ಬರ್ರಪ್ಪ. ಬೇಜಾರೇನಿಲ್ಲ,” ಎಂದರು.

ಯಾರೂ ಬರಲಿಲ್ಲ.

“ಕೊಟ್ರೇಶಿ, ನೀನ್ ಬಾ. ಪಕ್ಕದ ಹೊಲದವನು. ಪಕ್ಕದ ಹೊಲದವರು ವಿರೋಧ ಮಾಡಿದ್ರೆ ನೋಡೋರ್ಗೆ ಸಹಜ ಕಾಣ್ತೈತೆ.”

“ಅಯ್ಯೋ, ನಮ್ಮ ಅತ್ಗೆಮ್ಮನ ಬಂದೂಕಿಗೆ ನಾನ್ ಹೆಂಗ್ರಿ ಬ್ಯಾಡ ಅನ್ಲಿ. ಆ ಸದ್ದಿಂದಾನೇ ನನ್ನ ಜೋಳ ಉಳ್ಕಂಡಿರಾದು,” ಎಂದ ಕೊಟ್ರೇಶ. ಹನುಮಂತಪ್ಪನನ್ನು ಅಣ್ಣ ಎಂದು ಕರೆದು ಬೆಳೆದವನು ಅವನು. “ನೀವೇ ಮಾಡ್ರಿ ಅಧ್ಯಕ್ಷರೇ. ಅದು ಢಂ ಅಂದ ಕೂಡ್ಲೇ ಕೈಯಾಗಿನ ಕಾಫಿ ಚೆಲ್ಕಂತಿದ್ರಲ್ಲ.”

“ಕಾಫಿ ಚೆಲ್ಲಿದ್ರೆ ಚೆಲ್ಲಲಿ. ಅವಿರೋಧ ಅಂತ ಹೆಸರು ತಗಂಡ ಊರಾಗೆ ನಾನ್ ವಿರೋಧ ಅನ್ನಿಸ್ಕಳಾಕೆ ಆಗಲ್ಲ.”

ಕೊನೆಗೆ ಪೂಜಾರಪ್ಪ ದಾರಿ ತೋರಿಸಿದರು. “ನಾವು ಯಾಕೆ ತಲೆ ಕೆಡಿಸ್ಕಬೇಕು. ಮನೆ ಮನೆ ಹೆಸರು ಹೇಳಿ ಸ್ವಾಮಿನೇ ಕೇಳಾನ. ಬಲಕ್ಕೆ ಆದೋರು ಪರ, ಎಡಕ್ಕೆ ಆದೋರು ವಿರೋಧ. ಹಂಗಾದ್ರೆ ವಿರೋಧ ಮಾಡಿದ್ರೂ ಅವಿರೋಧವಾಗೇ ಮಾಡ್ದಂಗೆ ಆಯ್ತು.”

ಇಡೀ ಕಟ್ಟೆಗೆ ಸಮಾಧಾನವಾಯಿತು. ಹೂ ತರಿಸಿದರು, ಗಂಟೆ ಬಾರಿಸಿದರು. ಬಂದೂಕಿನ ಸದ್ದಿಗೆ ಕಾಫಿ ಚೆಲ್ಲುತ್ತಿದ್ದ ನಾಗರಾಜಪ್ಪನವರಿಗೆ ಬಲಗಡೆ ಆಯಿತು. ಅವರು ಬಂದೂಕಿನ ಪರ. ಬಂದೂಕಿನಿಂದಲೇ ಬೆಳೆ ಉಳಿಸಿಕೊಂಡಿದ್ದ ಕೊಟ್ರೇಶನಿಗೆ ಎಡಗಡೆ ಆಯಿತು; ಅವನು ವಿರೋಧ. ಊರು ಹೆಚ್ಚುಕಡಿಮೆ ಸಮವಾಗಿ ಎರಡು ಪಾಲಾಗುತ್ತಾ ಬಂತು. ಎಲ್ಲ ಮನೆ ಮುಗಿದು ಉಚ್ಚಂಗಮ್ಮನ ಮನೆಯೊಂದು ಉಳಿಯಿತು.

“ಆಕಿ ಅರ್ಜಿ ಹಾಕಿದಾಕಿ. ಆ ಮನೇದು ಕೇಳಾದು ಬ್ಯಾಡ ಬಿಡ್ರಿ,” ಎಂದರು ನಾಗರಾಜಪ್ಪನವರು.

“ಒಂದು ಮನೆ ಬಿಟ್ರೆ ಸ್ವಾಮಿಗೆ ಲೆಕ್ಕ ಒಪ್ಸಿದಂಗೆ ಆಗಲ್ಲ,” ಎಂದು ಪೂಜಾರಪ್ಪ ಆ ಮನೆಯ ಹೆಸರನ್ನೂ ಹೇಳಿದರು.

ಎಡಗಡೆಯ ಹೂ ಬಿತ್ತು.

“ಪೂಜಾರಪ್ಪಾರೆ, ನನ್ನ ಬಂದೂಕಿಗೆ ನಾನೇ ಬ್ಯಾಡ ಅನ್ಬೇಕಾ?” ಎಂದು ಉಚ್ಚಂಗಮ್ಮ ಕೇಳಿದಳು.

“ನಮ್ಮ ಕಣ್ಣಿಗೆ ಕಾಣದ್ದು ಅವನಿಗೆ ಕಂಡಿರ್ತೈತೆ ತಾಯಿ. ಒಳ್ಳೇದಕ್ಕೇ ಇರ್ತೈತೆ.”

ಆಕೆ ಹೂವನ್ನು ಸೆರಗಿನಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಹೇಗೋ ವಿರೋಧ ಹುಟ್ಟಿತಲ್ಲ, ಇನ್ನು ಅರ್ಜಿ ಮುಂದಕ್ಕೆ ಹೋಗುತ್ತದೆ ಎಂಬುದಷ್ಟೇ ಆಕೆಗೆ ಬೇಕಾಗಿತ್ತು. ಸ್ವಾಮಿಯನ್ನು ಅಂದು ಕೇಳಿದ್ದು ಯಾರು ಯಾವ ಕಡೆ ಕೂರಬೇಕು ಎಂದು ಮಾತ್ರ. ಸ್ವಾಮಿ ಹೂವನ್ನಷ್ಟೇ ಕೊಟ್ಟ. ಅದರ ಜೊತೆಗೆ ಬುದ್ಧಿಯನ್ನೂ ಕೊಟ್ಟಿದ್ದಾನೆ ಎಂದು ತಿಳಿದುಕೊಂಡದ್ದು ಊರಿನವರು. ಅದರಲ್ಲಿ ಅವನ ಪಾತ್ರವಿಲ್ಲ.

ಆ ಸಂಜೆ ಕೊಟ್ರೇಶ ಉಚ್ಚಂಗಮ್ಮನ ಮನೆ ಬಾಗಿಲಿಗೆ ಬಂದು ತಲೆ ಕೆರೆದುಕೊಂಡು ನಿಂತ. “ಅತ್ಗೆಮ್ಮ, ತಪ್ಪು ತಿಳ್ಕಬ್ಯಾಡ್ರಿ. ಸಭೆಯಾಗೆ ಮಾತ್ರ ವಿರೋಧ. ಮನೆಗೆ ಬಂದ್ರೆ ನಾನು ನಿಮ್ಮ ಮೈದುನನೇ.”

“ಅದಕ್ಕೇನಪ್ಪ, ನಾನೂ ನಿನ್ನ ಕಡೆಯಾಕಿನೇ ಅಲ್ವಾ,” ಎಂದು ಆಕೆ ಅವನಿಗೆ ಮಜ್ಜಿಗೆ ಕೊಟ್ಟಳು.

ಜೋಳದ ನೆತ್ತಿಯಲ್ಲಿ ಸೂಲಂಗಿ ಹೂ ಒಡೆಯುವ ಹೊತ್ತಿಗೆ ಮೊದಲನೇ ಅಭಿಪ್ರಾಯ ಸಭೆ ಗೊತ್ತಾಯಿತು. ಷಣ್ಮುಖಪ್ಪನವರ ಆಟೋ ಊರೂರು ತಿರುಗಿ ಸಾರಿತು: “ಮಾನ್ಯ ಮಹಾಜನಗಳೇ, ಕಲ್ಲುಬಾವಿಹಳ್ಳಿಯ ಏಕೈಕ ಬಂದೂಕಿನ ಬಗ್ಗೆ ಸಾರ್ವಜನಿಕ ಚರ್ಚೆ ಏರ್ಪಡಿಸಲಾಗಿದೆ. ಅಭಿಪ್ರಾಯ ಇರುವವರು ಅಭಿಪ್ರಾಯದೊಂದಿಗೆ ಬರಬೇಕು. ಇಲ್ಲದವರಿಗೆ ಸ್ಥಳದಲ್ಲಿಯೇ ವ್ಯವಸ್ಥೆ ಮಾಡಲಾಗಿದೆ. ಕುಡಿಯುವ ನೀರನ್ನು ತಾವೇ ತರತಕ್ಕದ್ದು.”

ಚರ್ಚೆಯ ವಸ್ತು ಸಭೆಯಲ್ಲಿ ಹಾಜರಿರಬೇಕು ಎಂದು ನಿಯಮ ಇದ್ದುದರಿಂದ ಬಂದೂಕನ್ನು ಠಾಣೆಯಿಂದ ಕಾವಲಿನಲ್ಲಿ ತಂದು ವೇದಿಕೆಯ ಮೇಜಿನ ಮೇಲೆ ಮಲಗಿಸಿದರು. ಹಿಂದಿನ ಆಯುಧಪೂಜೆಯಲ್ಲಿ ಠಾಣೆಯವರು ಹಚ್ಚಿದ ಕುಂಕುಮ ಇನ್ನೂ ಅದರ ಮೇಲಿತ್ತು. ನಳಿಗೆಯ ಬಾಯಿಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿ ಮುಚ್ಚಿತ್ತು. ಆ ಬಾಯಿ ನೇರವಾಗಿ ಜನರ ಕಡೆಗೆ ತಿರುಗಿತ್ತು. ತಿರುಗಿಸಿ ಇಡಿ ಎಂದು ಒಬ್ಬರು ಹೇಳಿದರು. ಮುಟ್ಟುವ ಅಧಿಕಾರ ಇದ್ದ ಪೊಲೀಸಿನವರು ಟೀ ಕುಡಿಯಲು ಹೋಗಿದ್ದರಿಂದ ಅದು ಹಾಗೆಯೇ ಇತ್ತು.

ರಂಗನಾಥ್ ಅವರು ಕ್ರಮವನ್ನು ವಿವರಿಸಿದರು. ಪರ ಇರುವವರು ಬಲಗೈ, ವಿರೋಧ ಇರುವವರು ಎಡಗೈ ಎತ್ತಬೇಕು. ಮನೆಯಲ್ಲೇ ಉಳಿದವರ ಪರವಾಗಿಯೂ ಬಂದವರು ಅವರ ಪಾಲಿಗೆ ಇನ್ನೊಂದು ಕೈಯನ್ನೂ ಎತ್ತಬಹುದು. ಎಲ್ಲರೂ ಎತ್ತಿದರು. ಪೇಪರಿನವರು ಫೋಟೋ ಹೊಡೆದರು. ಒಂದು ಬಂದೂಕಿನ ಮುಂದೆ ಇಡೀ ಊರು ಕೈ ಮೇಲೆತ್ತಿ ನಿಂತಿರುವ ಆ ಫೋಟೋ ಮಾರನೇ ದಿನ, ‘ನಿರ್ಭೀತ ವಾತಾವರಣದಲ್ಲಿ ಅಭಿಪ್ರಾಯ ಸಂಗ್ರಹ’ ಎಂಬ ಶೀರ್ಷಿಕೆಯಲ್ಲಿ ಅಚ್ಚಾಯಿತು.

ಆಮೇಲೆ ಭಾಷಣ. ಕೊಟ್ರೇಶ ಅದುವರೆಗೆ ಮೈಕು ಹಿಡಿದವನಲ್ಲ. ಎರಡು ಮಾತು ಹೇಳಿ ಇಳಿಯುತ್ತೇನೆ ಎಂದು ಹತ್ತಿದ. ಮೊದಲನೇ ಮಾತಿಗೆ ಎಡಗಡೆಯವರು ಚಪ್ಪಾಳೆ ತಟ್ಟಿದರು. ಮನುಷ್ಯನ ಕಿವಿಗೆ ತನ್ನದೇ ದನಿ ದೊಡ್ಡದಾಗಿ ವಾಪಸು ಬಂದು ಬಿದ್ದರೆ ಏನಾಗುತ್ತದೆಂದು ಷಣ್ಮುಖಪ್ಪನವರು ಬಹಳ ಸಲ ನೋಡಿದ್ದಾರೆ. ಕೊಟ್ರೇಶ ಇಳಿಯಲಿಲ್ಲ.

“ಬಂದೂಕು ಯಾಕೆ ಬೇಕು ಅಂತೀನಿ. ಹಂದಿ ಐತೆ ಅಂತ ಹೇಳ್ತಾರೆ. ಎಲ್ಲೈತೆ ಹಂದಿ, ತೋರ್ಸ್ರಿ ನೋಡಾನ. ಈ ಸಭೆಯಾಗೆ ಐತಾ? ಹಂದಿ ಅನ್ನಾದು ಬಂದೂಕು ಇಟ್ಕಳ್ಳೋರು ಹುಟ್ಟಿಸಿದ ಮಾತು.”

ನಾಗರಾಜಪ್ಪನವರೂ ಹಿಂದೆ ಬೀಳಲಿಲ್ಲ. “ಬಂದೂಕಿನ ಸದ್ದು ಕೇಳ್ದೆ ನನಗೆ ಕಾಫಿನೇ ರುಚಿಸಲ್ಲ. ನಮ್ಮ ಸಂಸ್ಕೃತಿಯಾಗೆ ಬಂದೂಕಿಲ್ಲದ ಮನೆನೇ ಇರ್ಲಿಲ್ಲ,” ಎಂದರು. ಊರಿನಲ್ಲಿ ಇದ್ದದ್ದು ಒಂದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಬಲಗಡೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಂದಿನಿಂದ ಊರಿನ ಮಾತುಕತೆಯೇ ಬದಲಾಯಿತು. ಪರದವರು ಒಂದು ಅಂಗಡಿಯಲ್ಲಿ, ವಿರೋಧದವರು ಇನ್ನೊಂದು ಅಂಗಡಿಯಲ್ಲಿ ಟೀ ಕುಡಿಯತೊಡಗಿದರು. ಕೊಟ್ರೇಶನ ಹೆಂಡತಿ ಮಮತಾಳ ತವರುಮನೆ ಅದೇ ಊರಿನಲ್ಲಿತ್ತು. ಆ ಮನೆಗೆ ಹೂ ಬಲಗಡೆ ಆಗಿತ್ತು. “ಅಪ್ಪ, ಹಬ್ಬಕ್ಕೆ ಬರ್ಲಾ ಬ್ಯಾಡ್ವಾ?” ಎಂದು ಆಕೆ ಬೀದಿಯಲ್ಲಿ ನಿಂತು ಕೇಳಿದರೆ, “ಬಾ ಮಗಳೇ, ಹೊಸ್ಲು ದಾಟೋ ಮುಂಚೆ ಬಂದೂಕು ಬೇಕು ಅಂತ ಒಂದು ಮಾತು ಹೇಳಿ ಬಾ,” ಎಂದು ಅಪ್ಪ ಒಳಗಿನಿಂದ ಹೇಳಿದರಂತೆ. ಒಬ್ಬರೂ ಇನ್ನೊಬ್ಬರ ಮಾತಿಗೆ ಬದಲಾಗಲಿಲ್ಲ. ಬದಲಾಗುವ ಹಾಗೂ ಇರಲಿಲ್ಲ. ದೇವರು ಕೊಟ್ಟ ಅಭಿಪ್ರಾಯವನ್ನು ಮನುಷ್ಯರ ವಾದಕ್ಕೆ ಬಿಟ್ಟುಕೊಡುವುದು ಹೇಗೆ.

ಇತ್ತ ಜೋಳದ ತೆನೆಗೆ ಹಾಲು ಇಳಿಯಿತು. ಹಂದಿಗಳು ಗುಡ್ಡದ ಅಂಚಿಗೆ ಬಂದು ಮೂಸತೊಡಗಿದವು.

ಬಂದೂಕು ಇಲ್ಲದ ಕಾಲಕ್ಕೆ ಹೊಲದವರೆಲ್ಲ ಸೇರಿ ಸಂಜೆ ತಗಡಿನ ಡಬ್ಬ ಬಡಿಯುವುದು ಆ ಊರಿನ ವಾಡಿಕೆ. ಹಂದಿ ಅದಕ್ಕೂ ಅಷ್ಟಿಷ್ಟು ಹೆದರುತ್ತದೆ. ಉಚ್ಚಂಗಮ್ಮ ಮನೆಮನೆಗೆ ಹೋಗಿ ಕರೆದಳು. ನಾಗರಾಜಪ್ಪನವರು ಬಹಳ ವಿನಯದಿಂದ ನಿರಾಕರಿಸಿದರು.

“ನೋಡಮ್ಮ, ಬಂದೂಕಿಲ್ದೆ ಹಂದಿ ಹೋಗಲ್ಲ ಅನ್ನಾದು ನಮ್ಮ ವಾದ. ಡಬ್ಬ ಬಡ್ದು ಹಂದಿ ಓಡಿ ಹೋಯ್ತು ಅಂದ್ರೆ ನಮ್ಮ ವಾದದ ಗತಿ ಏನು? ನಿನ್ನ ಬಂದೂಕಿನ ಸಲುವಾಗೇ ನಾವು ಡಬ್ಬ ಮುಟ್ಟಾಕೆ ಆಗ್ತಿಲ್ಲ.”

ಆಕೆ ಕೊಟ್ರೇಶನ ಹೊಲಕ್ಕೆ ಹೋದಳು. ಅವನು ಬದುವಿನ ಮೇಲೆ ಕೂತು ಮುಂದಿನ ಸಭೆಯ ಭಾಷಣವನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದ.

“ಕೊಟ್ರೇಶಿ, ಡಬ್ಬ ತಗಾ. ಹಂದಿ ಇಳೀತಾವೆ.”

“ಯಾವ ಹಂದಿ ಅತ್ಗೆಮ್ಮ?”

“ಯಾವ ಹಂದಿ ಅಂದ್ರೆ? ಹೋದ ವರ್ಷ ನೀನೇ ದೊಣ್ಣೆ ಹಿಡ್ಕಂಡು ಅಟ್ಟಿಸ್ಕಂಡು ಹೋಗಿರ್ಲಿಲ್ವಾ?”

“ಹೋದ ವರ್ಷ ನಾನು ವಿರೋಧದಾಗೆ ಇರ್ಲಿಲ್ಲ. ಈಗ ಮೈಕಿನಾಗೆ ಹಂದಿ ಇಲ್ಲ ಅಂತ ಹೇಳೀನಿ. ಇಲ್ಲದ ಹಂದಿಗೆ ಡಬ್ಬ ಬಡೀತಾ ಕೂತ್ರೆ ಜನ ನಗಲ್ವಾ? ಅಷ್ಟಕ್ಕೂ ನೀವೂ ನಮ್ಮ ಕಡೆಯೋರು. ನೀವೇ ಹಂದಿ ಹಂದಿ ಅಂತ ಊರೆಲ್ಲಾ ಹೇಳ್ಕಂಡು ತಿರುಗಿದ್ರೆ ನಮಗೆ ಮರ್ಯಾದೆ ಏನು ಉಳೀತು?”

“ಮತ್ತೆ ನನ್ನ ಹೊಲದ ಕೊನೇ ಸಾಲು ತಿಂದಿರಾದು ಯಾರಪ್ಪ?”

ಕೊಟ್ರೇಶ ಯೋಚನೆ ಮಾಡಿ ಹೇಳಿದ. “ಅದು ಪರದೋರ ಹಂದಿ ಇರ್ಬೇಕು.”

ಉಚ್ಚಂಗಮ್ಮ ಒಬ್ಬಳೇ ಊಟದ ತಟ್ಟೆ ಬಡಿಯುತ್ತಾ ಹೊಲದ ಸುತ್ತ ನಡೆದಳು. ಹಂದಿಗಳು ಮೊದಲು ಕಿವಿ ನಿಗುರಿಸಿ ನಿಂತವು. ಒಬ್ಬಳೇ ಎಂದು ಗೊತ್ತಾದ ಮೇಲೆ ಆಕೆ ಈ ತುದಿಗೆ ಬಂದಾಗ ಅವು ಆ ತುದಿಗೆ ಹೋದವು. ಇದನ್ನು ಕಂಡ ವಿರೋಧದವರು ಸಭೆ ಸೇರಿ, ತಟ್ಟೆ ಬಡಿದು ಬಣದ ನಿಲುವಿಗೆ ಧಕ್ಕೆ ತಂದದ್ದಕ್ಕಾಗಿ ಆಕೆಗೆ ತಿಳಿವಳಿಕೆ ಹೇಳಿದರು.

ಆಕೆ ಮತ್ತೆ ಘಟಕಕ್ಕೆ ಹೋದಳು. ರಂಗನಾಥ್ ಅವರು ಸಂತೋಷದಲ್ಲಿದ್ದರು.

“ನಿಮ್ಮ ಊರಿನ ಚರ್ಚೆ ಬಹಳ ಚೆನ್ನಾಗಿ ಬಂದಿದೆ ತಾಯಿ. ಜಗಳೂರಿನ ಕಡೆ ಕರಡಿ ವಿಷಯದಲ್ಲಿ, ಹೊನ್ನಾಳಿ ಕಡೆ ನವಿಲಿನ ವಿಷಯದಲ್ಲಿ ಎಷ್ಟು ಪ್ರಯತ್ನ ಪಟ್ಟರೂ ಇಂಥ ಒಡಕು ಬರ್ತಾ ಇಲ್ಲ. ಎಲ್ಲರೂ ಒಂದೇ ಮಾತು ಹೇಳಿಬಿಡ್ತಾರೆ. ನ್ಯಾಮತಿಯವರಂತೂ ಸಭೆಗೇ ಬರಲ್ಲ, ಹೊಲದಲ್ಲಿ ಕೆಲಸ ಇದೆ ಅಂತಾರೆ.”

“ಬಂದೂಕು ಯಾವಾಗ ಕೊಡ್ತೀರಿ ಸಾರ್?”

“ಒಂದೇ ಒಂದು ಬಾಕಿ ಇದೆ. ವಿರೋಧದ ಕಡೆ ಮಹಿಳೆಯ ಅಭಿಪ್ರಾಯ ದಾಖಲಾಗಿಲ್ಲ. ಮನೆಗೆ ಯಜಮಾನಿಯಾಗಿರುವ ಮಹಿಳೆ ವಿರೋಧದಲ್ಲಿ ನೀವೊಬ್ಬರೇ. ಎರಡನೇ ಸಭೆಯಲ್ಲಿ ನೀವು ಮಾತಾಡಿದರೆ ಕಡತ ಪೂರ್ತಿ ಆಗುತ್ತೆ.”

ಎರಡನೇ ಸಭೆಗೆ ಬೇರೆ ತಾಲ್ಲೂಕುಗಳಿಂದಲೂ ನೋಡಲು ಜನ ಬಂದರು. ಉಚ್ಚಂಗಮ್ಮ ತಲೆ ಮೇಲೆ ಸೆರಗು ಹೊದ್ದು ಮೈಕಿನ ಮುಂದೆ ನಿಂತಳು. ಆಕೆಯ ಭಾಷಣವನ್ನು ಷಣ್ಮುಖಪ್ಪನವರು ನನಗೆ ಎರಡು ಸಲ ಹೇಳಿದರು, ಆದ್ದರಿಂದ ಇದರಲ್ಲಿ ತಪ್ಪಿರಲಾರದು.

“ನಾನು ವಿರೋಧದಾಕಿ. ಸ್ವಾಮಿ ಹಂಗೆ ಹೇಳ್ಯಾನೆ, ನಾನು ಒಲ್ಲೆ ಅನ್ನಂಗಿಲ್ಲ. ಬಂದೂಕು ಬ್ಯಾಡ. ಆದ್ರೆ ನನ್ನ ಜೋಳ ಹಾಲುಗಾಳು ಆಗೈತೆ, ಹಂದಿ ಅರ್ಧ ಹೊಲಕ್ಕೆ ಬಂದಾವೆ. ಅದಕ್ಕೆ ಸಾಹೇಬ್ರು ದಯಮಾಡಿ, ಬಂದೂಕು ಬ್ಯಾಡ ಅಂತ ಬರ್ಕಂಡು, ಬೇಗ ಬಂದೂಕು ಕೊಟ್ಬಿಡ್ರಿ.”

ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ರಂಗನಾಥ್ ಅವರು ಬರೆದುಕೊಂಡರು. ಒಬ್ಬರಿಗೆ ಒಂದೇ ಅಭಿಪ್ರಾಯ, ಅದರಲ್ಲೂ ಬಾಯಿಂದ ಮೊದಲು ಬಂದದ್ದು ಮಾತ್ರ ದಾಖಲು ಎಂಬುದು ನಿಯಮ. ಆದ್ದರಿಂದ ‘ಅರ್ಜಿದಾರರು ತಮಗೆ ಬಂದೂಕು ಬೇಡವೆಂದು ಸ್ವಯಂಪ್ರೇರಿತರಾಗಿ ತಿಳಿಸಿರುತ್ತಾರೆ’ ಎಂದು ದಾಖಲಾಯಿತು.

ಸಭೆ ಮುಗಿಯುವವರೆಗೂ ಇಡೀ ಊರು ಶಾಮಿಯಾನದ ಕೆಳಗಿತ್ತು. ಹೊಲದಲ್ಲಿ ಒಬ್ಬರೂ ಇರಲಿಲ್ಲ. ಹಂದಿಗಳು ಹಗಲಲ್ಲೇ ಇಳಿದವು. ಮೈಕಿನ ಸದ್ದಿಗೆ ಅವು ಹೆದರಬಹುದಿತ್ತು. ಆದರೆ ಅಷ್ಟರಲ್ಲಿ ಅವಕ್ಕೂ ಭಾಷಣ ಅಭ್ಯಾಸವಾಗಿತ್ತು. ತೆನೆ ತಿಂದವು, ತಿನ್ನಲಾರದ್ದನ್ನು ತುಳಿದವು, ತುಳಿದದ್ದರ ಮೇಲೆ ಹೊರಳಾಡಿದವು. ಉಚ್ಚಂಗಮ್ಮನ ಹೊಲ ಮುಗಿಸಿ ಕೊಟ್ರೇಶನ ಹೊಲಕ್ಕೆ ದಾಟಿದವು. ಆಕೆ ಮನೆಗೆ ಹೋಗದೆ ನೇರವಾಗಿ ಹೊಲಕ್ಕೆ ಬಂದು, ಬದುವಿನ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಎದ್ದು, ಮುರಿದು ಬಿದ್ದ ದಂಟುಗಳನ್ನು ಎಮ್ಮೆಗೆಂದು ಆರಿಸತೊಡಗಿದಳು.

ಮಾರನೇ ದಿನ ರಂಗನಾಥ್ ಅವರು ಸ್ಥಳ ಪರಿಶೀಲನೆಗೆ ಬಂದರು. ಎರಡೂ ಬಣದ ಮುಖಂಡರು ಜೊತೆಗಿದ್ದರು. ನಾಗರಾಜಪ್ಪನವರು ಕೈ ಬೀಸಿ ಹೊಲ ತೋರಿಸಿದರು. “ನೋಡ್ರಿ ಸಾರ್, ನಮ್ಮ ವಾದ ಹೆಂಗೆ ಎದ್ದು ಕಾಣ್ತೈತೆ. ಒಂದು ದಂಟು ನಿಂತಿಲ್ಲ. ಇದಕ್ಕಿಂತ ಪುರಾವೆ ಬೇಕಾ.”

ರಂಗನಾಥ್ ಅವರು ಕೊಟ್ರೇಶನ ಕಡೆ ತಿರುಗಿದರು. “ನಿಮ್ಮ ಹೊಲವೂ ಹೋಗಿದೆಯಲ್ಲ?”

“ಗಾಳಿಗೆ ಬಿದ್ದೈತ್ರಿ ಸಾರ್,” ಎಂದ ಕೊಟ್ರೇಶ. ಅವನ ಕಣ್ಣು ಕೆಂಪಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

ಆ ಗಾಳಿಗೆ ಗೊರಸು ಇದ್ದದ್ದು ಮಣ್ಣಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲರೂ ಅದನ್ನು ದಾಟಿಕೊಂಡು ನಡೆದರು.

ಉಚ್ಚಂಗಮ್ಮ ದಂಟಿನ ಹೊರೆ ಇಳಿಸಿ ಕೇಳಿದಳು. “ಕೊಟ್ರೇಶಿ, ನಿನ್ನ ಜೋಳನೂ ಹೋಯ್ತಲ್ಲೋ. ಈಗಾದ್ರೂ ಹಂದಿ ಅನ್ನಪ್ಪ. ಸಾಹೇಬ್ರು ಇದಾರೆ.”

ಕೊಟ್ರೇಶ ಆಕೆಯ ಮುಖ ನೋಡಲಿಲ್ಲ. “ಜೋಳ ಇನ್ನೊಂದು ವರ್ಷ ಬೆಳೀಬಹುದು ಅತ್ಗೆಮ್ಮ. ಕೊಟ್ಟ ಅಭಿಪ್ರಾಯ ಹೆಂಗೆ ವಾಪಸ್ ತಗಳ್ಳಾದು.”

ಘಟಕದ ಆದೇಶ ಹೊರಬಿತ್ತು. ಪಂಚಾಯ್ತಿ ಗೋಡೆಗೆ ಅಂಟಿಸಿದ್ದನ್ನು ಷಣ್ಮುಖಪ್ಪನವರೇ ಮೈಕಿನಲ್ಲಿ ಓದಿದರು: “ಪರ ಹಾಗೂ ವಿರೋಧ ಅಭಿಪ್ರಾಯಗಳನ್ನು ಸಮಾನ ಗೌರವದಿಂದ ಪರಿಶೀಲಿಸಲಾಗಿ, ಅರ್ಜಿದಾರರೇ ವಿರೋಧ ವ್ಯಕ್ತಪಡಿಸಿರುವುದು ಕಂಡುಬಂದಿರುತ್ತದೆ. ಅಲ್ಲದೆ ಸ್ಥಳ ಪರಿಶೀಲನೆಯ ವೇಳೆ ಸದರಿ ಜಮೀನಿನಲ್ಲಿ ರಕ್ಷಿಸತಕ್ಕಂಥ ಯಾವುದೇ ಬೆಳೆ ಇರುವುದಿಲ್ಲ. ಬೆಳೆಯೇ ಇಲ್ಲದಿರುವಾಗ ಬೆಳೆ ರಕ್ಷಣೆಯ ಪ್ರಶ್ನೆ ಉದ್ಭವಿಸದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಿದೆ. ಆದರೆ, ಒಮ್ಮೆ ಉಂಟಾದ ಅಭಿಪ್ರಾಯವು ನಶಿಸದಂತೆ ನೋಡಿಕೊಳ್ಳುವುದು ಘಟಕದ ಕರ್ತವ್ಯವಾಗಿರುವುದರಿಂದ ಚರ್ಚೆಯನ್ನು ಮುಂದುವರಿಸತಕ್ಕದ್ದು.”

ಬಂದೂಕು ಸಿಗಲಿಲ್ಲವೆಂದು ವಿರೋಧದವರು ಪಟಾಕಿ ಹೊಡೆದರು. ಹಂದಿ ಇರುವುದು ಸಾಬೀತಾಯಿತೆಂದು ಪರದವರೂ ಪಟಾಕಿ ಹೊಡೆದರು. ಅಂದಿನ ಸದ್ದಿಗೆ ಹಂದಿಗಳು ಬಹಳ ದೂರ ಓಡಿಹೋದವಂತೆ. ಅಷ್ಟು ಹೊತ್ತಿಗೆ ಅವುಗಳ ಊಟವಾಗಿತ್ತು.

ಮುಂದಿನ ಸಭೆಗಳಿಗೆ ದೊಡ್ಡ ಜಾಗ ಬೇಕಾಯಿತು. ಮಾದರಿ ಚರ್ಚಾ ಗ್ರಾಮವೆಂದು ಕಲ್ಲುಬಾವಿಹಳ್ಳಿಗೆ ಹೆಸರು ಬಂದು, ಹೇಗೆ ಒಡೆಯುವುದೆಂದು ಕಲಿಯಲು ನಾಲ್ಕೂ ತಾಲ್ಲೂಕಿನಿಂದ ಜನ ಬರುತ್ತಿದ್ದರು. ಉಚ್ಚಂಗಮ್ಮನ ಹೊಲ ಹಂದಿಗಳ ದಯೆಯಿಂದ ಸಮತಟ್ಟಾಗಿತ್ತು. ಅಲ್ಲಿಯೇ ಶಾಮಿಯಾನ ಹಾಕಿದರು. ಆಕೆಯನ್ನು ಕೇಳಲಿಲ್ಲವೇ ಎಂದು ನಾನು ಷಣ್ಮುಖಪ್ಪನವರನ್ನು ವಿಚಾರಿಸಿದೆ. “ಕೇಳಿದ್ವಿ. ಆಕೆ ಏನೂ ಅನ್ಲಿಲ್ಲ. ಅಭಿಪ್ರಾಯ ಒಂದೇ ಸಲ ಕೊಡಾಕೆ ಬರಾದು ಅಂತ ಆಕೆಗೆ ಗೊತ್ತಾಗಿತ್ತು,” ಎಂದರು.

ಆ ಹಿಂಗಾರಿಗೆ ಆಕೆ ಬಿತ್ತಲಿಲ್ಲ. ಬಿತ್ತಲು ಜಾಗವೂ ಇರಲಿಲ್ಲ. ಸಭೆಗೆ ಬಂದವರಿಗೆ ಹಸಿವಾಗುತ್ತದೆಂದು ಹೊಲದ ಮೂಲೆಯಲ್ಲಿ ಒಲೆ ಹೂಡಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾಡತೊಡಗಿದಳು. ಪರದವರು ಆಕೆಯ ಬಲಗಡೆ ನಿಂತು ತಿಂದರು, ವಿರೋಧದವರು ಎಡಗಡೆ ನಿಂತು ತಿಂದರು. ಭಾಷಣ ಉದ್ದವಾದಷ್ಟೂ ವ್ಯಾಪಾರ ಚೆನ್ನಾಗಿ ಆಯಿತು. ಕೊಟ್ರೇಶನೂ ಹೊಲ ಬಿಟ್ಟು ಊರೂರಿಗೆ ವಿರೋಧ ಮಾಡಿಕೊಡಲು ಹೋಗತೊಡಗಿದ. ಬಂದಾಗ ಆಕೆಯ ಹತ್ತಿರವೇ ಮಂಡಕ್ಕಿ ತಿನ್ನುತ್ತಾನೆ. ಅತ್ತಿಗೆ ಮೈದುನರ ಮಾತುಕತೆ ಮತ್ತೆ ಸರಿಹೋಗಿದೆ. ಗುಡ್ಡದ ಹಂದಿಗಳು ಈಗ ಜೋಳದ ಆಸೆ ಬಿಟ್ಟು, ಸಭೆ ಮುಗಿದ ಮೇಲೆ ಚೆಲ್ಲಿದ ಮಂಡಕ್ಕಿಗೆ ಬರುತ್ತವೆ. ವೇಳಾಪಟ್ಟಿ ಅವಕ್ಕೂ ಗೊತ್ತು.

ಹೋದ ತಿಂಗಳ ಸಭೆಗೆ ಮೈಕು ಕಟ್ಟಲು ಹೋದಾಗ ಷಣ್ಮುಖಪ್ಪನವರು ಒಂದು ಸುದ್ದಿ ತೆಗೆದುಕೊಂಡು ಹೋಗಿದ್ದರು. ಲೈಸೆನ್ಸಿಗೆ ಹೊಸ ಅರ್ಜಿ ಹಾಕಿದರೆ ಈ ಸಲ ಮಂಜೂರು ಮಾಡುತ್ತಾರೆಂದು ಠಾಣೆಯಲ್ಲಿ ಯಾರೋ ಹೇಳಿದ್ದರಂತೆ. “ಉಚ್ಚಂಗಮ್ಮ, ಅರ್ಜಿ ಹಾಕಮ್ಮ. ಬಂದೂಕು ಸಿಗ್ತೈತಂತೆ,” ಎಂದು ಹೇಳಿದರು.

ಆಕೆ ಬಾಣಲೆಯಲ್ಲಿದ್ದ ಮೆಣಸಿನಕಾಯಿ ಮಗುಚಿ ಹಾಕಿ, ಎಣ್ಣೆ ಬಸಿದು ತೆಗೆದಿಟ್ಟಳು.

“ಈಗ ಬ್ಯಾಡ್ರಿ ಷಣ್ಮುಖಪ್ಪಾರೆ,” ಎಂದಳು. “ಬಂದೂಕು ಬಂದುಬಿಟ್ರೆ ಚರ್ಚೆ ನಿಂತೋಗ್ತೈತೆ. ಆಮೇಲೆ ನನ್ನ ಹೊಟ್ಟೆಪಾಡಿಗೆ ಏನ್ ಮಾಡ್ಲಿ?”

ಷಣ್ಮುಖಪ್ಪನವರಿಗೆ ಆ ಮಾತು ಸರಿ ಎನಿಸಿತಂತೆ. ಅವರ ಮೈಕಿನ ಬಾಡಿಗೆಯೂ ಅದರಲ್ಲೇ ಇತ್ತು. ಕೇಳಿದ ನನಗೂ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ನೀವು ಯಾವುದಾದರೂ ಕಚೇರಿಯ ಬೆಂಚಿನ ಮೇಲೆ ಕೂತು ಕಾಯುವ ಪ್ರಸಂಗ ಬಂದರೆ, ಪಕ್ಕದಲ್ಲಿ ಕೂತವರಿಗೆ ಇದನ್ನು ಹೇಳಿರಿ. ಅವರು ತಮ್ಮ ಪಕ್ಕದವರಿಗೆ ಹೇಳಲಿ. ಒಳಗಿನಿಂದ ಕರೆ ಬರುವುದರೊಳಗೆ ಕಥೆ ಬೆಂಚಿನ ಆ ತುದಿ ಮುಟ್ಟಿರುತ್ತದೆ.